ಏಟು ಬೀಳುವ ಮೊದಲೇ: ಆಸ್ಪತ್ರೆ ಸಿಬ್ಬಂದಿಯನ್ನು ಹಲ್ಲೆಯಿಂದ ಕಾಪಾಡಲು ನರ್ಸಿಂಗ್ ಇನ್‌ಚಾರ್ಜ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು, ಸೀನಿಯರ್ ನರ್ಸಿಂಗ್ ಆಫೀಸರ್‌ಗಳು, ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಕಣ್ಣ ಮುಂದಿರುವುದು ಕೋಲಾರ ಜಿಲ್ಲೆ. ಇಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿದೆ, ಮಿಷನ್ ಆಸ್ಪತ್ರೆಯಿದೆ, ರಾತ್ರಿ ಬೆರಳೆಣಿಕೆಯ ಸಿಬ್ಬಂದಿಯಲ್ಲೇ ನಡೆಯುವ ತಾಲ್ಲೂಕು ಮಟ್ಟದ ಆಸ್ಪತ್ರೆಗಳಿವೆ. ಚೆನ್ನೈ ಹೆದ್ದಾರಿಯ ಅಪಘಾತ, ತೋಟದಲ್ಲಿ ಹಾವು ಕಡಿತ, ಟೊಮೆಟೊ ಬೆಲೆ ಬಿದ್ದಾಗ ಮನೆಯಲ್ಲಿದ್ದ ಔಷಧಿ ಕುಡಿದವರು, ಎಲ್ಲರೂ ಮೊದಲು ಬರುವುದು ನಮ್ಮ ಕ್ಯಾಶುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ. ಅವರ ಹಿಂದೆ ಒಂದು ಟೆಂಪೊ ಜನ ಬರುತ್ತಾರೆ.

ಹಲ್ಲೆ ತಡೆಯುವುದು ಸೆಕ್ಯುರಿಟಿಯವರ ಕೆಲಸ, ಪೊಲೀಸರ ಕೆಲಸ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಅವರು ಬರುವುದು ಕೈ ಮೇಲೆದ್ದ ಮೇಲೆ. ಕೈ ಏಳುವುದಕ್ಕೆ ಮುಂಚೆ ಒಂದೆರಡು ಗಂಟೆ ಇರುತ್ತದೆ. ಒಳಗೆ ಏನು ನಡೆಯುತ್ತಿದೆ ಎಂದು ಯಾರೂ ಹೇಳದೆ ಮನೆಯವರು ಕಾರಿಡಾರಿನಲ್ಲಿ ನಿಂತೇ ಇರುವ ಹೊತ್ತು ಅದು. ಆ ಹೊತ್ತು ನರ್ಸಿಂಗ್‌ನವರ ಕೈಯಲ್ಲಿದೆ. ಯಾರು, ಯಾವಾಗ, ಎಲ್ಲಿ, ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನು ಇನ್‌ಚಾರ್ಜ್ ಗೊತ್ತುಮಾಡಿದ ವಾರ್ಡಿಗೂ ಮಾಡದ ವಾರ್ಡಿಗೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು.

1. ಬೈಗುಳವನ್ನೂ ಬರೆದಿಡುವ ಪುಸ್ತಕ ತೆರೆಯಿರಿ

ಆರೋಗ್ಯ ಕಾರ್ಯಕರ್ತರಲ್ಲಿ ಶೇ 8ರಿಂದ 38ರಷ್ಟು ಮಂದಿ ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಿಂಸೆಗೆ ಗುರಿಯಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಆಸ್ಪತ್ರೆಯ ಲೆಕ್ಕ ಎಷ್ಟು ಎಂದು ಕೇಳಿ ನೋಡಿ. ಬರೆದಿಡುವ ಅಭ್ಯಾಸವಿಲ್ಲದ ಕಡೆ ಉತ್ತರ ಸೊನ್ನೆ. ಸೊನ್ನೆ ಇರುವವರೆಗೆ ಇನ್ನೊಬ್ಬ ಗಾರ್ಡ್ ಬೇಡ, ಇನ್ನೊಂದು ದೀಪವೂ ಬೇಡ ಎಂದು ಮೇಲಿನವರು ಹೇಳುತ್ತಲೇ ಇರುತ್ತಾರೆ.

ಒಂದು ಲಾಂಗ್‌ಬುಕ್ ಸಾಕು. ದಿನ, ಗಂಟೆ, ಜಾಗ, ಏನಾಯಿತು, ಆಗ ಡ್ಯೂಟಿಯಲ್ಲಿ ಎಷ್ಟು ಜನ, ವಾರ್ಡಿನಲ್ಲಿ ಎಷ್ಟು ರೋಗಿಗಳು ಎಂದು ಕಾಲಂ ಎಳೆಯಿರಿ. ಇನ್ನೆರಡು ಕಾಲಂ ಕಡ್ಡಾಯವಾಗಿ ಇರಲಿ: ಮನೆಯವರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದರು, ಅವರಿಗೆ ಕೊನೆಯ ಸಲ ಯಾರು ಏನು ಹೇಳಿದ್ದರು. ಮೂರು ತಿಂಗಳು ಬರೆದ ಮೇಲೆ ಈ ಎರಡು ಕಾಲಂಗಳನ್ನೇ ಓದಿ. ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ ಪಾಳಿ ಬದಲಾಗುವ ಹೊತ್ತು, ಡಾಕ್ಟರು ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ಇರುವ ಹೊತ್ತು, ಆಂಬುಲೆನ್ಸಿಗೆ ಕಾಯುವ ಹೊತ್ತು ಮತ್ತೆ ಮತ್ತೆ ಕಾಣಿಸಿಕೊಂಡರೆ ನಿಮ್ಮ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕೈ ಮಾಡಿದ್ದು ಮಾತ್ರವಲ್ಲ, ಹೊಲಸು ಮಾತು, "ಹೊರಗೆ ಬಾ ನೋಡ್ಕೋತೀನಿ" ಎಂಬ ಬೆದರಿಕೆ, ಕೇಳದೆ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಿದ್ದು, ಟ್ರೇ ತಳ್ಳಿದ್ದು ಎಲ್ಲವನ್ನೂ ಬರೆಸಿ. ಹೊಸ ಹುಡುಗಿಯರು ಇವನ್ನು ಹೇಳುವುದಿಲ್ಲ. ಹೇಳಿದರೆ "ಹೋಗ್ಲಿ ಬಿಡಮ್ಮ, ನಮ್ಮ ಕೆಲಸವೇ ಇಷ್ಟು" ಎಂಬ ಉತ್ತರ ಬರುತ್ತದೆಂದು ಅವರಿಗೆ ಗೊತ್ತು. ಇನ್‌ಚಾರ್ಜ್ ಬಾಯಲ್ಲಿ ಆ ಮಾತು ಬರಲೇಬಾರದು. "ನೀನೇನಂದೆ ಅವರಿಗೆ?" ಎನ್ನುವುದು ಮೊದಲ ಪ್ರಶ್ನೆಯಾಗಲೂ ಬಾರದು. "ನಿನಗೆ ಪೆಟ್ಟಾಗಿದೆಯಾ? ಕೂತ್ಕೋ" ಎನ್ನುವುದೇ ಮೊದಲು. ಸಿಸ್ಟರ್ ಮಾತಿನಲ್ಲಿ ತಪ್ಪಿದ್ದರೆ ಅದನ್ನು ವಿಚಾರಿಸುವ ದಿನ ಬೇರೆ, ಕೋಣೆ ಬೇರೆ.

2. ರಾತ್ರಿ 11ರ ಮೇಲೆ ಕಟ್ಟಡ ಸುತ್ತಿ ಬನ್ನಿ

ಹಗಲಿನ ಇನ್‌ಸ್ಪೆಕ್ಷನ್‌ನಲ್ಲಿ ಆಸ್ಪತ್ರೆ ಸುರಕ್ಷಿತವಾಗಿಯೇ ಕಾಣುತ್ತದೆ. ಡ್ಯೂಟಿಯಲ್ಲಿರುವ ಅತಿ ಕಿರಿಯ ಸಿಸ್ಟರ್ ಒಬ್ಬರನ್ನು ಜತೆಗೆ ಕರೆದುಕೊಂಡು ರಾತ್ರಿ ಹೋಗಿ. ಬ್ಲಡ್ ಬ್ಯಾಂಕಿಗೆ, ಲ್ಯಾಬಿಗೆ, ಲಿನೆನ್ ರೂಮಿಗೆ, ಲೇಬರ್ ವಾರ್ಡಿನಿಂದ ನವಜಾತ ಶಿಶುಗಳ ಎನ್‌ಐಸಿಯುಗೆ ಅವರು ದಿನವೂ ನಡೆಯುವ ದಾರಿಯಲ್ಲೇ ನಡೆಯಿರಿ. ಎಲ್ಲಿ ಹೆಜ್ಜೆ ಜೋರಾಗುತ್ತದೆ ಎಂದು ಅವರನ್ನೇ ಕೇಳಿ. ಉರಿಯದ ದೀಪ, ಒಳಗಿನಿಂದ ಬೋಲ್ಟ್ ಇಲ್ಲದ ಬಾಗಿಲು, ಹೊರಬರಲು ಒಂದೇ ದಾರಿ ಇರುವ ಇಂಜೆಕ್ಷನ್ ರೂಮ್, ರೋಗಿಯ ಕಡೆಯವರು ಟೇಬಲ್ ಸುತ್ತುವರಿದರೆ ಸಿಸ್ಟರ್ ಮೂಲೆಗೆ ಸಿಕ್ಕಿಕೊಳ್ಳುವ ನರ್ಸಿಂಗ್ ಸ್ಟೇಷನ್, ಎಲ್ಲ ಬರೆದುಕೊಳ್ಳಿ. ಟೇಬಲನ್ನು ತಿರುಗಿಸಿ ಹಾಕುವುದಕ್ಕೆ ಟೆಂಡರ್ ಬೇಕಾಗಿಲ್ಲ.

ಬಟ್ಟೆ ಬದಲಿಸುವ ಕೋಣೆ, ವಿಶ್ರಾಂತಿ ಕೋಣೆಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅವರ ಮೇಲೆ ದಾಳಿ ಮಾಡಿದವನು ಹೊರಗಿನವನಲ್ಲ, ಅದೇ ಆಸ್ಪತ್ರೆಯ ನೌಕರ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಕೋಲ್ಕತ್ತದ ಆರ್‌.ಜಿ. ಕರ್ ಮೆಡಿಕಲ್ ಕಾಲೇಜಿನಲ್ಲಿ 2024ರ ಆಗಸ್ಟ್ 9ರಂದು ಕೊಲೆಯಾದ ಯುವ ವೈದ್ಯೆ ರಾತ್ರಿ ಪಾಳಿಯ ನಡುವೆ ಒರಗಿಕೊಳ್ಳಲು ಹೋಗಿದ್ದು ಸೆಮಿನಾರ್ ಹಾಲಿಗೆ. ಎರಡು ಘಟನೆಗಳ ನಡುವೆ ಅರ್ಧ ಶತಮಾನ ಕಳೆದಿದೆ. ನಿಮ್ಮ ನೈಟ್ ಡ್ಯೂಟಿ ಸಿಸ್ಟರ್ ಎಲ್ಲಿ ಬಟ್ಟೆ ಬದಲಿಸುತ್ತಾರೆ, ಎಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚುತ್ತಾರೆ, ಆ ಕೋಣೆಯ ಬೀಗದ ಇನ್ನೊಂದು ಕೀ ಯಾರ ಬಳಿ ಇದೆ ಎಂಬ ಮೂರು ಪ್ರಶ್ನೆಗಳಿಗೆ ನಿಮ್ಮ ಬಳಿ ಈಗಲೇ ಉತ್ತರ ಇರಬೇಕು.

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಆಡಳಿತ ವೈದ್ಯಾಧಿಕಾರಿಗೋ ಜಿಲ್ಲಾ ಶಸ್ತ್ರಚಿಕಿತ್ಸಕರಿಗೋ ಪತ್ರ ಬರೆದು, ಪತ್ರ ಸೇರಿದ್ದಕ್ಕೆ ಗುರುತಾದ ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. ದೀಪ, ಬೋಲ್ಟ್, ಕ್ಯಾಮೆರಾದಂಥ ಸಣ್ಣ ಖರ್ಚುಗಳನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ತರಲು ಒತ್ತಾಯಿಸಿ. ಲಾಂಗ್‌ಬುಕ್ಕಿನ ಜೆರಾಕ್ಸ್ ಜತೆಗಿಟ್ಟರೆ ಪತ್ರಕ್ಕೆ ತೂಕ ಬರುತ್ತದೆ.

3. ಡ್ಯೂಟಿ ಪಟ್ಟಿಯಲ್ಲೇ ಅರ್ಧ ರಕ್ಷಣೆ ಇದೆ

ಬೋಧಕ ಆಸ್ಪತ್ರೆಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ. ವಾಸ್ತವ ನಿಮಗೆ ಗೊತ್ತಿದೆ. ಕೊರತೆ ನೀಗುವವರೆಗೆ ಕಾಯದೆ ಮಾಡಬಹುದಾದ್ದು ಇಷ್ಟು: ರಾತ್ರಿ ಕ್ಯಾಶುವಾಲ್ಟಿಯಲ್ಲಿ ಇಬ್ಬರು ಹೊಸಬರನ್ನು ಒಟ್ಟಿಗೆ ಹಾಕಬೇಡಿ, ಗಣೇಶ ವಿಸರ್ಜನೆ, ಜಾತ್ರೆ, ಚುನಾವಣೆ ಫಲಿತಾಂಶದ ರಾತ್ರಿಗಳಲ್ಲಿ ಒಬ್ಬ ಹಿರಿಯರನ್ನು ಕ್ಯಾಶುವಾಲ್ಟಿಗೆ ಸರಿಸಿ, ನರ್ಸಿಂಗ್ ವಿದ್ಯಾರ್ಥಿಗಳನ್ನು ಯಾವ ಕಾರಣಕ್ಕೂ ಒಂಟಿಯಾಗಿ ಬಿಡಬೇಡಿ, ಪಾಳಿ ಬದಲಾಗುವ ಹದಿನೈದು ನಿಮಿಷ ಒಬ್ಬರು ಕಾರಿಡಾರಿನಲ್ಲಿ ಇರಲೇಬೇಕೆಂದು ಬರವಣಿಗೆಯಲ್ಲಿ ಆದೇಶಿಸಿ. ತೆಲುಗು, ತಮಿಳು, ಉರ್ದು ಬಲ್ಲವರು ಯಾವ ಪಾಳಿಯಲ್ಲಿದ್ದಾರೆ ಎಂದೂ ನೋಡಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಕೆಜಿಎಫ್‌ನಲ್ಲಿ ತಮಿಳು ಗೊತ್ತಿರುವ ಒಬ್ಬರೂ ಇಲ್ಲದ ರಾತ್ರಿ ಅಪಾಯದ ರಾತ್ರಿಯೇ.

4. ಕಾಯುವವರಿಗೆ ಸುದ್ದಿ ಕೊಡುವ ಏರ್ಪಾಡು

ಇದೇ ಈ ಮಾರ್ಗದರ್ಶಿಯ ಜೀವಾಳ. ಬೇರೆ ಯಾವುದಕ್ಕೂ ಸಮಯ ಸಿಗದಿದ್ದರೆ ಇದೊಂದನ್ನಾದರೂ ಮಾಡಿ.

ಪ್ರತಿ ಪಾಳಿಯಲ್ಲಿ ಒಬ್ಬರಿಗೆ ಸುದ್ದಿ ಹೇಳುವ ಹೊಣೆ ಕೊಡಿ. ಗಂಭೀರ ರೋಗಿಯ ಕಡೆಯವರಲ್ಲಿ ಮಾತಾಡಬಲ್ಲ ಒಬ್ಬರನ್ನು ಗುರುತಿಸಿ ಹೆಸರು ಕೇಳಿಕೊಳ್ಳಲಿ, ಅರ್ಧ ಗಂಟೆಗೊಮ್ಮೆ ಅವರ ಬಳಿಗೆ ತಾವಾಗಿಯೇ ಹೋಗಲಿ. ಹೊಸ ಸುದ್ದಿ ಇಲ್ಲದಿದ್ದರೂ ಹೋಗಲಿ. "ಡಾಕ್ಟರು ಒಳಗೆ ನೋಡ್ತಿದಾರೆ, ಸ್ಕ್ಯಾನ್ ರಿಪೋರ್ಟ್ ಬಂದಿಲ್ಲ, ಇನ್ನರ್ಧ ಗಂಟೆಗೆ ನಾನೇ ಬಂದು ಹೇಳ್ತೀನಿ" ಎಂದರೆ ಸಾಕು. ಹೇಳಿದ ಹೊತ್ತಿಗೆ ಬರಬೇಕು, ಅದೇ ಮುಖ್ಯ. ತೆಲುಗಿನವರಿಗೆ "ಡಾಕ್ಟರುಗಾರು ಲೋಪಲ ಚೂಸ್ತುನ್ನಾರು, ಅರಗಂಟಲೋ ನೇನೇ ವಚ್ಚಿ ಚೆಪ್ತಾನು" ಎಂಬಷ್ಟನ್ನು ಬೆಂಗಳೂರಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಸಿಸ್ಟರ್‌ಗಳಿಗೂ ಕಲಿಸಿ. ತಮ್ಮ ಭಾಷೆಯ ಎರಡು ಮಾತು ಕೇಳಿದ ಕೂಡಲೇ ಮುಖದ ಬಿಗಿ ಸಡಿಲವಾಗುವುದನ್ನು ನಾನು ಕಂಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಜಗಳ ಹತ್ತಿಕೊಳ್ಳುವ ಸಂದರ್ಭಗಳು ಹೊಸವೇನಲ್ಲ. ಒಂದೊಂದಕ್ಕೂ ಮೊದಲೇ ಮಾತು ಸಿದ್ಧವಿರಲಿ.

ಹಾವು ಕಡಿತದಲ್ಲಿ ರಕ್ತವನ್ನು ಶುಭ್ರವಾದ ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತೇವೆ. ನಮಗೆ ಅದು ಪರೀಕ್ಷೆ, ಮನೆಯವರ ಕಣ್ಣಿಗೆ 20 ನಿಮಿಷ ಯಾರೂ ಏನೂ ಮಾಡದೆ ನಿಂತಿದ್ದಾರೆ. ಟ್ಯೂಬನ್ನು ತೋರಿಸಿ, ಗಡಿಯಾರವನ್ನೂ ತೋರಿಸಿ: "ಇದು ಗಟ್ಟಿಯಾಗದಿದ್ರೆ ವಿಷ ರಕ್ತಕ್ಕೆ ಏರಿದೆ ಅಂತ, ಆಗ ಇಂಜೆಕ್ಷನ್ ಹಾಕ್ತೀವಿ. ಉಸಿರಾಟ, ಕಣ್ಣುರೆಪ್ಪೆ ಎಲ್ಲ ಈಗಲೂ ನೋಡ್ತಾನೇ ಇದೀವಿ."

ತಮಗಿಂತ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದಾಗ ಸಾಲಿನಲ್ಲಿದ್ದವರು ಸಿಟ್ಟಾಗುವುದು ಸಹಜ. ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ನೋಡಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವುದು ಯಾಕೆಂದು ಕನ್ನಡ, ತೆಲುಗು, ತಮಿಳು, ಉರ್ದುವಿನಲ್ಲಿ ದೊಡ್ಡ ಬೋರ್ಡ್ ಬರೆಸಿ ಬಾಗಿಲಲ್ಲೇ ಹಾಕಿಸಿ.

ಬೆಂಗಳೂರಿಗೆ ರೆಫರ್ ಮಾಡುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಕೋಲಾರದಿಂದ ವಿಕ್ಟೋರಿಯಾ, ನಿಮ್ಹಾನ್ಸ್, ಜಯದೇವ ಎಂದರೆ ಸುಮಾರು 70 ಕಿಲೋಮೀಟರ್, ಮುಳಬಾಗಿಲಿನಿಂದ ಇನ್ನೂ 30 ಹೆಚ್ಚು. "ಇಲ್ಲಿ ಆಗಲ್ಲ, ತಗೊಂಡ್ಹೋಗಿ" ಎಂಬ ಮಾತು ಕೇಳಿದ ಬಡವನಿಗೆ ಅದು ಕೈಬಿಟ್ಟಂತೆ. ರೆಫರ್ ಚೀಟಿ ಕೈಗಿಡುವ ಮೊದಲು ನಾಲ್ಕು ವಿಷಯ ಹೇಳಬೇಕು: ಯಾಕೆ ಹೋಗಬೇಕು, ಇಲ್ಲಿ ಇಷ್ಟರವರೆಗೆ ಏನು ಮಾಡಿದ್ದೇವೆ, ಯಾವ ಆಸ್ಪತ್ರೆಗೆ ಫೋನ್ ಮಾಡಿದ್ದೇವೆ, 108 ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ. ಆಂಬುಲೆನ್ಸ್ ಬರುವವರೆಗೆ ರೋಗಿಯ ಪಕ್ಕದಿಂದ ಸಿಸ್ಟರ್ ಕದಲಬಾರದು. ಡ್ರಿಪ್, ಆಕ್ಸಿಜನ್ ನಡೆಯುತ್ತಿರುವುದು ಮನೆಯವರಿಗೆ ಕಾಣುತ್ತಿರಲಿ.

ವಿಷ ಕುಡಿದು ಸತ್ತವರ ವಿಚಾರ ಇನ್ನೂ ಸೂಕ್ಷ್ಮ. ಸಂಜೆ ಜೀವ ಹೋಗಿರುತ್ತದೆ, "ರಾತ್ರಿಯೇ ಹೆಣ ಕೊಡಿ" ಎಂದು ಊರಿನವರು ಪಟ್ಟು ಹಿಡಿಯುತ್ತಾರೆ. ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ಮಾಡಬಹುದೆಂದು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಹೇಳಿತು, ನಿಜ. ಆದರೆ ಸೌಲಭ್ಯವಿರುವ ಕಡೆ ಮಾತ್ರ, ಅದೂ ಆತ್ಮಹತ್ಯೆ, ಕೊಲೆ, ಅತ್ಯಾಚಾರ, ಅನುಮಾನಾಸ್ಪದ ಸಾವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟು. ಮೊದಲು ಪೊಲೀಸರ ಮಹಜರು ಆಗಬೇಕು. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳಾದರೆ ತಹಸೀಲ್ದಾರರಂಥ ಅಧಿಕಾರಿಯೂ ಬರಬೇಕಾಗುತ್ತದೆ. ಇದನ್ನೆಲ್ಲ ರಾತ್ರಿ 10ಕ್ಕೆ ಜಗಳದ ನಡುವೆ ಹೇಳಿದರೆ ಯಾರೂ ನಂಬುವುದಿಲ್ಲ. ಸಾವಿನ ಸುದ್ದಿ ತಿಳಿಸಿ, ಅಳು ಸ್ವಲ್ಪ ಇಳಿದ ಕೂಡಲೇ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹೇಳಿ, ಠಾಣೆಯವರಿಂದಲೂ ಹೇಳಿಸಿ. ಇಂಥ ಸಾವಿನಲ್ಲಿ ತವರಿನವರೂ ಗಂಡನ ಮನೆಯವರೂ ಆಸ್ಪತ್ರೆಯಲ್ಲೇ ಕೈಕೈ ಮಿಲಾಯಿಸುತ್ತಾರೆ, ನಡುವೆ ಸಿಕ್ಕವರು ನಮ್ಮ ಹುಡುಗಿಯರು. ಎರಡು ಕಡೆಯವರನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸಿ, ಠಾಣೆಗೆ ಆಗಲೇ ಫೋನ್ ಮಾಡಿ. ಗಲಾಟೆ ಶುರುವಾಗಲಿ ಎಂದು ಕಾಯಬೇಡಿ.

ಸಾವಿನ ಸುದ್ದಿಯನ್ನು ಡಾಕ್ಟರೇ ಹೇಳಬೇಕು, ಪಕ್ಕದಲ್ಲಿ ಸಿಸ್ಟರ್ ಇರಬೇಕು. ಕಾರಿಡಾರಿನಲ್ಲಿ ನಿಂತು ಹೇಳಬಾರದು, ಕುರ್ಚಿ ಹಾಕಿ, ಒಂದು ಲೋಟ ನೀರಿಟ್ಟು, ಮನೆಯ ಇಬ್ಬರು ಮೂವರನ್ನು ಕರೆದು ಹೇಳಬೇಕು. "ಕಂಡಿಷನ್ ಸ್ವಲ್ಪ ಸೀರಿಯಸ್" ಎಂದು ಸುಳ್ಳು ಹೇಳಿ ಸಮಯ ತಳ್ಳಿದರೆ ಆಮೇಲೆ ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಡಾಕ್ಟರು ಹೇಳಿ ಎದ್ದುಹೋದ ಮೇಲೂ ಹತ್ತು ನಿಮಿಷ ಸಿಸ್ಟರ್ ಅಲ್ಲಿಯೇ ಕೂರಲಿ, ಆದರೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ.

5. ರೋಗಿಯೇ ಕೈ ಮಾಡಿದಾಗ ಮೊದಲು ಕಾಯಿಲೆ ಹುಡುಕಿ

ಬೈಯುವ, ಹೊಡೆಯುವ ರೋಗಿಗೆ "ಕುಡುಕ" ಎಂದು ಹಣೆಪಟ್ಟಿ ಹಚ್ಚುವ ಮೊದಲು ಗ್ಲುಕೋಮೀಟರ್ ತೆಗೆಯಿರಿ. ಸಕ್ಕರೆ ಇಳಿದವರು, ಆಕ್ಸಿಜನ್ ಕಡಿಮೆಯಾದವರು, ತಲೆಗೆ ಪೆಟ್ಟು ಬಿದ್ದವರು, ಸೋಡಿಯಂ ಏರುಪೇರಾದ ವೃದ್ಧರು ಇದೇ ರೀತಿ ಆಡುತ್ತಾರೆ. ದಿನವೂ ಕುಡಿಯುವವರು ಬೇರೆ ಕಾಯಿಲೆಗೆ ಅಡ್ಮಿಟ್ ಆಗಿ ಕುಡಿತ ನಿಂತಾಗ, ಎರಡು ಮೂರನೇ ದಿನ, ಅಂದರೆ 48ರಿಂದ 72 ಗಂಟೆಯ ಹೊತ್ತಿಗೆ ಕೈ ನಡುಗಿ, ಇಲ್ಲದ್ದು ಕಂಡು ರೊಚ್ಚಿಗೇಳಬಹುದು. ಅಡ್ಮಿಷನ್ ದಿನವೇ "ಕೊನೇ ಸಲ ಯಾವಾಗ ಕುಡಿದಿದ್ದು?" ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆಸಿದರೆ ಆ ರಾತ್ರಿ ಯಾರೂ ಅನಿರೀಕ್ಷಿತವಾಗಿ ಏಟು ತಿನ್ನುವುದಿಲ್ಲ. ಕೀಟನಾಶಕ ಕುಡಿದವರಿಗೆ ಕೊಡುವ ಮದ್ದಾದ ಅಟ್ರೊಪಿನ್ ಹೆಚ್ಚಾದರೂ ಹೀಗೆಯೇ: ಮೈ ಬಿಸಿ, ಬಾಯಿ ಒಣ, ಬಡಬಡಿಕೆ, ಕೈಗೆ ಸಿಕ್ಕಿದ್ದನ್ನು ಕಿತ್ತೆಸೆಯುವುದು. ಆಗ ಬೇಕಾದ್ದು ಡಾಕ್ಟರು ಬಂದು ಡೋಸ್ ನೋಡುವುದು.

ಗೊಂದಲ, ಕಿರಿಕಿರಿ, ಅಬ್ಬರ, ಬಾಯಿಮಾತಿನ ಬೆದರಿಕೆ, ಮೈಮೇಲೆ ಬರುವ ಬೆದರಿಕೆ, ವಸ್ತುಗಳ ಮೇಲೆ ದಾಳಿ ಎಂಬ ಆರು ಲಕ್ಷಣಗಳಿಗೆ ಒಂದೊಂದು ಅಂಕ ಕೊಡುವ ಬ್ರೋಸೆಟ್ ಪಟ್ಟಿಯನ್ನು ನಾರ್ವೆಯಲ್ಲಿ ರೂಪಿಸಿದ್ದಾರೆ. ಪಾಳಿಗೊಮ್ಮೆ ಒಂದು ನಿಮಿಷದಲ್ಲಿ ತುಂಬಬಹುದು. ಅಂಕ 2 ದಾಟಿದರೆ ಆ ಹಾಸಿಗೆಗೆ ಒಬ್ಬರೇ ಹೋಗಬಾರದು. ಇದನ್ನು ಹ್ಯಾಂಡೋವರ್‌ನಲ್ಲಿ ಬಿಪಿ, ಪಲ್ಸ್ ಜತೆ ಹೇಳುವ ಅಭ್ಯಾಸ ಮಾಡಿಸಿ.

ಪೊಲೀಸರು ಕರೆತರುವವರ ವಿಷಯದಲ್ಲಿ ರಾಜಿ ಬೇಡ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ (ತರಬೇತಿಯಲ್ಲಿದ್ದ ಕಿರಿಯ ವೈದ್ಯೆ) ವಂದನಾ ದಾಸ್ ಅವರನ್ನು ಕೊಂದವನು ಪೊಲೀಸರೇ ತಪಾಸಣೆಗೆ ಕರೆತಂದಿದ್ದ ವ್ಯಕ್ತಿ. ಬಳಸಿದ್ದು ಡ್ರೆಸ್ಸಿಂಗ್ ಕೋಣೆಯಲ್ಲಿದ್ದ ಕತ್ತರಿ. ಹಾಗಾಗಿ ಕತ್ತರಿ, ಬ್ಲೇಡ್, ಫೋರ್ಸೆಪ್ಸ್ ಇರುವ ಟ್ರೇ ರೋಗಿಯ ಕೈಗೆಟುಕದ ಕಡೆ ಇರಲಿ, ತಪಾಸಣೆ ಮುಗಿಯುವವರೆಗೆ ಪೊಲೀಸರು ಕೋಣೆಯೊಳಗೇ ಇರಲಿ. "ಸಹಿ ಹಾಕ್ಕೊಡಿ ಮೇಡಂ, ನಾವು ಹೊರಗಿರ್ತೀವಿ" ಎಂದರೆ ಇನ್‌ಚಾರ್ಜ್ ಮುಂದೆ ಬಂದು "ಒಳಗೇ ಇರಿ" ಎನ್ನಬೇಕು.

6. ಕಾವೇರುತ್ತಿರುವ ಹತ್ತು ನಿಮಿಷ

ದಿಟ್ಟಿಸಿ ನೋಡುವುದು, ದನಿ ಏರುವುದು, ಗೊಣಗುವುದು, ಅತ್ತಿಂದಿತ್ತ ಶತಪಥ ಹಾಕುವುದು, ಊರಿಗೆ ಫೋನ್ ಮಾಡಿ "ಬನ್ರೋ ಎಲ್ಲ" ಎನ್ನುವುದು ಸೂಚನೆಗಳು. ಇವನ್ನು ಕಂಡ ಯಾರೇ ಆಗಲಿ, ಆಯಾ ಆಗಲಿ, ಗ್ರೂಪ್ ಡಿ ಆಗಲಿ, ಇನ್‌ಚಾರ್ಜ್‌ಗೆ ಹೇಳಬೇಕು.

ಆಗ ಒಬ್ಬರೇ ಮಾತಾಡಬೇಕು. ನಾಲ್ವರು ಸಿಸ್ಟರ್‌ಗಳು ಒಟ್ಟಿಗೆ ಸಮಜಾಯಿಷಿ ಕೊಡಲು ಹೋದರೆ ಬೆಂಕಿಗೆ ತುಪ್ಪ ಸುರಿದಂತೆ. ಎರಡು ತೋಳಿನಷ್ಟು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ, ಹೊರಹೋಗುವ ಬಾಗಿಲು ನಿಮ್ಮ ಹಿಂದಿರುವಂತೆ ನಿಲ್ಲಿ. ಕೈಗಳು ಕಾಣುವಂತೆ, ಸೊಂಟದ ಎತ್ತರದಲ್ಲಿ ತೆರೆದಿರಲಿ. ಕುತ್ತಿಗೆಯ ಸ್ಟೆತೊಸ್ಕೋಪ್, ಐಡಿ ದಾರ ತೆಗೆದಿಡಿ. ಅವರ ದನಿ ಏರಿದಷ್ಟೂ ನಿಮ್ಮದು ಇಳಿಯಲಿ. "ಸುಮ್ನಿರಿ", "ಕೂಗಾಡ್ಬೇಡಿ", "ರೂಲ್ಸ್ ಗೊತ್ತಿಲ್ವಾ" ಎಂಬ ಮಾತು ಬೇಡ. "ಅಣ್ಣಾ, ನಿಮ್ಮ ತಾಯಿ ವಿಷಯ ತಾನೆ, ನನಗೆ ಹೇಳಿ, ನಾನು ಕೇಳಿಸ್ಕೋತೀನಿ" ಎಂದು ಶುರು ಮಾಡಿ, ಪೂರ್ತಿ ಹೇಳಲು ಬಿಡಿ. ಹೇಳಿದ್ದರಲ್ಲಿ ನ್ಯಾಯ ಇದ್ದರೆ ಒಪ್ಪಿಕೊಳ್ಳಿ. ಕಾದಿದ್ದು ನಿಜವಾದರೆ ಕಾದಿದ್ದು ನಿಜ. ಈಗ ನಿಮ್ಮಿಂದ ಆಗುವ ಒಂದು ಕೆಲಸ ಹೇಳಿ, ಅದನ್ನು ಅವರ ಕಣ್ಣೆದುರೇ ಮಾಡಿ.

ಗುಂಪಿನಲ್ಲಿ ಒಬ್ಬ ಹಿರಿಯರು, ಒಬ್ಬ ಹೆಂಗಸು ಇದ್ದೇ ಇರುತ್ತಾರೆ. ಅವರನ್ನು ಪಕ್ಕಕ್ಕೆ ಕರೆದು ಮಾತಾಡಿ. ಕಳ್ಳುಬಳ್ಳಿಯ ಸಂಬಂಧವಿಲ್ಲದ, ನಡುವೆ ನುಗ್ಗಿ ಬಂದ ಮುಂದಾಳುಗಳೇ ಎಷ್ಟೋ ಸಲ ಬೆಂಕಿ ಹಚ್ಚುವವರು.

ಮೈ ಮುಟ್ಟಿದ ಕ್ಷಣಕ್ಕೆ ಮಾತು ಮುಗಿಯಿತು. ಅಲ್ಲಿಂದ ಹೊರಡಬೇಕು. ಔಷಧಿ ಬೀರು, ಕಂಪ್ಯೂಟರ್, ಗಾಜು ಒಡೆದರೆ ಒಡೆಯಲಿ. ಆಸ್ತಿ ಕಾಪಾಡಲು ಯಾವ ಸಿಸ್ಟರೂ ಅಡ್ಡ ನಿಲ್ಲಬಾರದೆಂದು ನೀವೇ ಸಭೆಯಲ್ಲಿ ಸ್ಪಷ್ಟವಾಗಿ ಹೇಳಿರಬೇಕು, ಇಲ್ಲದಿದ್ದರೆ ನಷ್ಟವನ್ನು ಸಂಬಳದಿಂದ ಹಿಡಿಯುವ ರಿಕವರಿ ಬೀಳುತ್ತದೆಂಬ ಭಯಕ್ಕೇ ಅವರು ನಿಂತುಬಿಡುತ್ತಾರೆ.

7. ಕೂಗಿಗೊಂದು ಸಂಕೇತ

ಆಸ್ಪತ್ರೆಯವರೆಲ್ಲ ಒಪ್ಪಿದ ಒಂದು ಸಂಕೇತ ಇರಲಿ, ಉದಾಹರಣೆಗೆ ಕೋಡ್ ವೈಲೆಟ್. ಮೈಕ್ ಇಲ್ಲದ ಕಡೆ ಕರೆಗಂಟೆ ಅಥವಾ ಸೀಟಿ ನಡೆಯುತ್ತದೆ. ಕೇಳಿದಾಗ ಯಾರು ಓಡಿ ಬರಬೇಕು, ಯಾರು 112ಕ್ಕೆ ಕರೆ ಮಾಡಬೇಕು, ಯಾರು ಉಳಿದ ರೋಗಿಗಳ ಹತ್ತಿರ ನಿಲ್ಲಬೇಕು, ಗೇಟ್ ಯಾರು ಹಾಕಬೇಕು ಎಂದು ಹೆಸರಿನಿಂದಲ್ಲ, ಡ್ಯೂಟಿಯ ಸ್ಥಾನದಿಂದ ಬರೆಯಿರಿ. ಮೂರು ತಿಂಗಳಿಗೊಮ್ಮೆ ರಾತ್ರಿ ಪಾಳಿಯಲ್ಲೇ ಅಣಕು ಅಭ್ಯಾಸ ಮಾಡಿ. ಹತ್ತಿರದ ಠಾಣೆಯ ನಂಬರ್ ಗೋಡೆ ಮೇಲಿರಲಿ. ಕೋಲಾರ ಜಿಲ್ಲೆಗೆ ಪೊಲೀಸ್ ವರಿಷ್ಠಾಧಿಕಾರಿ ಇಬ್ಬರು. ಬಂಗಾರಪೇಟೆ, ಕೆಜಿಎಫ್ ಕಡೆಯ ಠಾಣೆಗಳು ಕೆಜಿಎಫ್ ಪೊಲೀಸ್ ಜಿಲ್ಲೆಗೆ ಸೇರುತ್ತವೆ. ಪತ್ರ ಬರೆಯುವಾಗ ವಿಳಾಸ ಸರಿಯಾಗಿರಲಿ. ಹೊಸ ಸಬ್ ಇನ್‌ಸ್ಪೆಕ್ಟರ್ ಬಂದಾಗಲೆಲ್ಲ ಆಸ್ಪತ್ರೆಗೆ ಕರೆದು ಕ್ಯಾಶುವಾಲ್ಟಿ ತೋರಿಸಿ.

8. ಒಳಗಿನ ಹಿಂಸೆ

ಎಲ್ಲರ ಮುಂದೆ ಸಿಸ್ಟರ್ ಮೇಲೆ ಕೇಸ್ ಶೀಟ್ ಎಸೆಯುವ ಡಾಕ್ಟರು, ಹೊಸಬರನ್ನು ಅಳಿಸುವ ಹಿರಿಯ ಸಿಸ್ಟರ್, ಕಾಂಟ್ರಾಕ್ಟ್ ಹುಡುಗಿಯರನ್ನು ಆಳಿನಂತೆ ನೋಡುವ ಮೇಲ್ವಿಚಾರಕರು ಇದ್ದಾರೆ. ಇದನ್ನು ನೋಡಿದ ರೋಗಿಯ ಕಡೆಯವರೂ ನರ್ಸ್‌ಗೆ ಹೀಗೆ ಮಾತಾಡಬಹುದು ಅಂದುಕೊಳ್ಳುತ್ತಾರೆ. ಇವೂ ಅದೇ ಲಾಂಗ್‌ಬುಕ್ಕಿನಲ್ಲಿ ದಾಖಲಾಗಲಿ.

ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯಲ್ಲೂ ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಲೇಬೇಕು, ಸಣ್ಣ ನರ್ಸಿಂಗ್ ಹೋಮಿನವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು 3 ತಿಂಗಳ ಅವಧಿ, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಮಿತಿ ಸದಸ್ಯರ ಹೆಸರು ಬೋರ್ಡಿನಲ್ಲಿದೆಯೇ, ಅವರಲ್ಲಿ ವರ್ಗವಾಗಿ ಹೋದವರೆಷ್ಟು ಎಂದು ನಾಳೆಯೇ ನೋಡಿ. ಕಿರುಕುಳ ಕೊಟ್ಟವನು ರೋಗಿಯೋ ಅವನ ಕಡೆಯವನೋ ಆಗಿದ್ದರೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ.

9. ಹಲ್ಲೆ ನಡೆದ ಮೇಲೆ ಮೊದಲ 6 ಗಂಟೆ

ಮೊದಲು ಏಟು ತಿಂದವರ ಚಿಕಿತ್ಸೆ. ಅವರ ಹೆಸರಿನಲ್ಲೇ ಒಪಿಡಿ ಚೀಟಿ, ಪೊಲೀಸ್ ಪ್ರಕರಣಕ್ಕೆ ಬೇಕಾದ ಗಾಯದ ದಾಖಲೆಯಾದ ಎಂಎಲ್‌ಸಿ ಎರಡೂ ಆಗಬೇಕು. "ನಮ್ಮವಳೇ ಅಲ್ವಾ, ಒಂದು ಪಟ್ಟಿ ಕಟ್ಟಿ" ಎಂದರೆ ನ್ಯಾಯಾಲಯದಲ್ಲಿ ಆ ಗಾಯ ಆಗಲೇ ಇಲ್ಲ. ಗಾಯದ ಫೋಟೊ ತೆಗೆಸಿ, ಹರಿದ ಯೂನಿಫಾರ್ಮನ್ನು ಒಗೆಯದೆ ಕವರಿನಲ್ಲಿಡಿ. ಗಲಾಟೆಯಲ್ಲಿ ಸೂಜಿ ಚುಚ್ಚಿದ್ದರೆ, ರಕ್ತ ಬರುವಂತೆ ಕಚ್ಚಿದ್ದರೆ ಎಚ್‌ಐವಿ ತಡೆ ಮಾತ್ರೆಯ ನಿರ್ಧಾರ 2 ಗಂಟೆಯೊಳಗೆ ಆದರೆ ಒಳ್ಳೆಯದು, 72 ಗಂಟೆ ದಾಟಬಾರದು.

ದೂರು ಕೊಡಬೇಕಾದವರು ಸಂಸ್ಥೆಯ ಮುಖ್ಯಸ್ಥರು. ಕೋಲ್ಕತ್ತದ ಘಟನೆಯ ನಂತರ, 2024ರ ಆಗಸ್ಟ್‌ನಲ್ಲಿ, ಇಂಥ ಹಿಂಸೆ ನಡೆದ 6 ಗಂಟೆಯೊಳಗೆ ಮುಖ್ಯಸ್ಥರೇ ಸಂಸ್ಥೆಯ ಪರವಾಗಿ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳಿಗೆ ಸೂಚಿಸಿತು. ನಮ್ಮ ಆಸ್ಪತ್ರೆಗಳೂ ಅದೇ ಗಡುವು ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರುದಾರರು ಆಸ್ಪತ್ರೆಯಾದರೆ, ಮಾರನೆಯ ದಿನ ಆ ಹುಡುಗಿಯ ಮನೆ ಬಾಗಿಲಿಗೆ ರಾಜಿಗೆಂದು ಬರುವವರು ಕಡಿಮೆಯಾಗುತ್ತಾರೆ.

ದೂರಿನಲ್ಲಿ ವೈದ್ಯೋಪಚಾರ ಸಿಬ್ಬಂದಿ ಮೇಲಿನ ಹಿಂಸಾಚಾರ ಮತ್ತು ಆಸ್ತಿ ಹಾನಿಯನ್ನು ನಿಷೇಧಿಸುವ ಕರ್ನಾಟಕದ 2009ರ ಅಧಿನಿಯಮವನ್ನು ಹೆಸರಿಸಿ ಬರೆಯಿರಿ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಅದು. 2009ರ ಮೂಲ ರೂಪದಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇತ್ತು, ಹಾಳಾದ ಉಪಕರಣಗಳಿಗೆ ಬೆಲೆಯ ಎರಡರಷ್ಟು ಕಟ್ಟಬೇಕಿತ್ತು. ಏಟು ತಿಂದವರು ಸರ್ಕಾರಿ ನೌಕರರಾದರೆ ಭಾರತೀಯ ನ್ಯಾಯ ಸಂಹಿತೆಯ 121 ಮತ್ತು 132ನೇ ಕಲಂಗಳೂ, ಹೆಣ್ಣುಮಗಳ ಮಾನಕ್ಕೆ ಕೈಹಾಕಿದ್ದರೆ 74ನೇ ಕಲಮೂ ಅನ್ವಯವಾಗುತ್ತವೆ. ಬರಿಯ "ಗಲಾಟೆ" ಎಂದು ಬರೆದು, ಎಫ್‌ಐಆರ್ ಇಲ್ಲದ ಸಣ್ಣ ದೂರಿನ ಸ್ವೀಕೃತಿ ಚೀಟಿಯಾದ ಎನ್‌ಸಿ ಕೊಟ್ಟು ಕಳಿಸಿದರೆ ಒಪ್ಪಬೇಡಿ. "ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಎಂಬ ಉತ್ತರಕ್ಕೂ ಈಗ ಜಾಗವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು.

ಸಿಸಿಟಿವಿ ದೃಶ್ಯವನ್ನು ಅದೇ ದಿನ ನಕಲು ಮಾಡಿಸಿ. ಕೆಲವು ದಿನಗಳಲ್ಲಿ ಹಳೆಯದರ ಮೇಲೆ ಹೊಸದು ಬರುತ್ತದೆ. ಜತೆಗೆ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಪೆನ್‌ಡ್ರೈವ್ ಇದ್ದೂ ಇಲ್ಲದಂತೆ. ನೋಡಿದವರೆಲ್ಲ ಅಂದೇ, ಒಬ್ಬರನ್ನೊಬ್ಬರು ಕೇಳದೆ, ತಮ್ಮ ತಮ್ಮ ಮಾತಿನಲ್ಲಿ ಬರೆದು ಸಹಿ ಹಾಕಲಿ.

10. ಮಾರನೆಯ ದಿನ, ಮತ್ತು ಆಮೇಲಿನ ವರ್ಷಗಳು

ಆ ಸಿಸ್ಟರ್ ಮನೆಗೆ ಒಂಟಿಯಾಗಿ ಬಸ್ ಹತ್ತಿ ಹೋಗಬಾರದು, ಜತೆಗೊಬ್ಬರು ಹೋಗಲಿ. ರಜೆ ಬೇಕೇ, ಡ್ಯೂಟಿಗೆ ಬರುತ್ತಾರೆಯೇ, ವಾರ್ಡ್ ಬದಲಿಸಬೇಕೇ ಎಂದು ಅವರನ್ನೇ ಕೇಳಿ. ಕೇಳದೆ ವಾರ್ಡ್ ಬದಲಿಸಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಠಾಣೆಗೆ ಹೋದ ದಿನಗಳನ್ನು ರಜೆಯಲ್ಲಿ ಹಿಡಿಯದೆ ಡ್ಯೂಟಿ ಎಂದು ಪರಿಗಣಿಸಲು ಪತ್ರ ಬರೆಯಿರಿ. ನಿದ್ದೆ ಬಾರದಿರುವುದು, ಅದೇ ಹಾಸಿಗೆಯ ಹತ್ತಿರ ಹೋದಾಗ ಎದೆ ಹೊಡೆದುಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು ಮೊದಲ ವಾರಗಳಲ್ಲಿ ಸಹಜ. ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರ ಬಳಿಗೆ ಜತೆಯಲ್ಲೇ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಅದೇ ಪಾಳಿಯಲ್ಲಿದ್ದ ಆಯಾ, ಗ್ರೂಪ್ ಡಿ, ವಿದ್ಯಾರ್ಥಿನಿಯರನ್ನು ಮರೆಯಬೇಡಿ, ಅವರನ್ನು ಕೇಳುವವರು ಇನ್ನೂ ಕಡಿಮೆ.

ವಾರದೊಳಗೆ ಇಡೀ ತಂಡ ಕೂತು ಆ ರಾತ್ರಿ ಏನಾಯಿತೆಂದು ಗಂಟೆ ಗಂಟೆಯಾಗಿ ನೋಡಿ. ಎಲ್ಲಿ ಸುದ್ದಿ ನಿಂತಿತು, ಎಲ್ಲಿ ಬಾಗಿಲು ಹಾಕಲಾಗಲಿಲ್ಲ, ಠಾಣೆಯಿಂದ ಬರಲು ಎಷ್ಟು ಹೊತ್ತಾಯಿತು ಎಂದು ಬರೆದು, ಬದಲಿಸಬೇಕಾದ್ದಕ್ಕೆ ಒಬ್ಬೊಬ್ಬರ ಹೆಸರು, ತಾರೀಕು ಹಾಕಿ.

ಕೇಸು ಮಾತ್ರ ಬೇಗ ಮುಗಿಯುವುದಿಲ್ಲ. ಸಮನ್ಸ್ ಬರುವ ಹೊತ್ತಿಗೆ ಡಾಕ್ಟರು ಬೇರೆ ಜಿಲ್ಲೆಯಲ್ಲಿರುತ್ತಾರೆ, ಸಿಸ್ಟರ್ ಮದುವೆಯಾಗಿ ಹೋಗಿರುತ್ತಾರೆ, ಗಾರ್ಡ್ ಏಜೆನ್ಸಿಯೇ ಬದಲಾಗಿರುತ್ತದೆ. ಆದ್ದರಿಂದ ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ಫೈಲ್ ಮಾಡಿ ಎಫ್‌ಐಆರ್ ಪ್ರತಿ, ಎಂಎಲ್‌ಸಿ, ಹೇಳಿಕೆಗಳು, ದೃಶ್ಯದ ನಕಲು, ಸಾಕ್ಷಿಗಳ ಈಗಿನ ಫೋನ್ ನಂಬರ್, ಮುಂದಿನ ವಿಚಾರಣೆಯ ದಿನಾಂಕ ಸೇರಿಸಿ ಬೀರುವಿನಲ್ಲಿ ಬೀಗ ಹಾಕಿಡಿ. ಸಾಕ್ಷಿ ಹೇಳುವ ದಿನ ಯಾರಾದರೊಬ್ಬ ಹಿರಿಯರು ಅವರೊಂದಿಗೆ ಕೋರ್ಟಿಗೆ ಹೋಗುವಂತೆ ಡ್ಯೂಟಿ ಹಾಕಿ. ನಿಮಗೇ ವರ್ಗಾವಣೆಯಾದರೆ ಹಾಸಿಗೆ, ಸಿಲಿಂಡರ್, ಬಿಪಿ ಯಂತ್ರಗಳ ಲೆಕ್ಕದೊಂದಿಗೆ ಈ ಫೈಲುಗಳನ್ನೂ ಚಾರ್ಜ್ ಲಿಸ್ಟಿನಲ್ಲಿ ಒಂದೊಂದಾಗಿ ಬರೆದು, ಮುಂದಿನ ಇನ್‌ಚಾರ್ಜ್ ಸಹಿ ಪಡೆದು ಒಪ್ಪಿಸಿ ಹೋಗಿ.